ಮುನಿನಾರಾಯಣಪ್ಪನ ಇನ್ನೊಂದು ಓಟು

ಎರ್ರಗುಂಟಪಲ್ಲಿಯ ಮುನಿನಾರಾಯಣಪ್ಪನಿಗೆ ಮಾತು ಕೊಡುವ ಚಟವಿತ್ತು. ಕೆಲವರಿಗೆ ನಶ್ಯ, ಕೆಲವರಿಗೆ ಎಲೆಯಡಿಕೆ, ಇವನಿಗೆ ಮಾತು. ಕೇಳಿದವರಿಗೆಲ್ಲ ಕೊಡುತ್ತಿದ್ದ, ಒಮ್ಮೊಮ್ಮೆ ಕೇಳದವರಿಗೂ ಕೊಡುತ್ತಿದ್ದ. ಕೊಟ್ಟದ್ದನ್ನು ಉಳಿಸಿಕೊಳ್ಳುತ್ತಿದ್ದ ಎಂಬುದು ಅವನ ಹೆಗ್ಗಳಿಕೆ, ಅವನ ಕಷ್ಟವೂ ಅದೇ. ಪೆರೇಸಂದ್ರದಿಂದ ಮೂರು ಮೈಲಿ ಒಳಗಿರುವ ಆ ಊರಿನಲ್ಲಿ ಆಣೆ ಇಡುವುದಕ್ಕೊಂದು ಪದ್ಧತಿಯಿದೆ. ಗಂಗಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ, ಹೇಳಬೇಕಾದ ಮಾತನ್ನು ಹೇಳಿ, ಉರಿಯುತ್ತಿರುವ ಕರ್ಪೂರವನ್ನು ಅಂಗೈಯಿಂದ ತಟ್ಟಿ ಆರಿಸಬೇಕು. ಹಾಗೆ ಆರಿಸಿ ತಪ್ಪಿದವನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನಂಬಿಕೆ. ಮಿಕ್ಕವರು ಜನ್ಮದಲ್ಲಿ ಒಂದು ಸಲವೋ ಎರಡು ಸಲವೋ ಆರಿಸಿದ್ದರು. ಮುನಿನಾರಾಯಣಪ್ಪನ ಬಲ ಅಂಗೈಯ ನಡುವೆ ಚರ್ಮ ದಡ್ಡುಗಟ್ಟಿ ಹೋಗಿತ್ತು.

ಐವತ್ತೇಳನೇ ಇಸವಿಯ ಚುನಾವಣೆ ಅವನ ಬಾಳಿನಲ್ಲೇ ಅತ್ಯಂತ ಸುಖದ ಚುನಾವಣೆ. ಆಗ ಅವರದು ಜೋಡಿ ಕ್ಷೇತ್ರ. ಒಂದೇ ಕ್ಷೇತ್ರದಿಂದ ಇಬ್ಬರು ಗೆದ್ದು ಹೋಗುತ್ತಿದ್ದರು, ಒಬ್ಬರು ಸಾಮಾನ್ಯ ಸೀಟಿಗೆ, ಇನ್ನೊಬ್ಬರು ಮೀಸಲು ಸೀಟಿಗೆ. ಆದ್ದರಿಂದ ಪ್ರತಿಯೊಬ್ಬ ಮತದಾರನ ಕೈಗೂ ಎರಡೆರಡು ಚೀಟಿ. ಒಬ್ಬೊಬ್ಬ ಉಮೇದುವಾರನಿಗೂ ಅವನ ಗುರುತು ಅಂಟಿಸಿದ ಒಂದೊಂದು ಪೆಟ್ಟಿಗೆ. ಇಷ್ಟವಾದ ಎರಡು ಪೆಟ್ಟಿಗೆಗಳಿಗೆ ಒಂದೊಂದು ಚೀಟಿ ಇಳಿಬಿಟ್ಟು ಬಂದರೆ ಮುಗಿಯಿತು. ಮುನಿನಾರಾಯಣಪ್ಪ ಒಂದನ್ನು ಹೆಂಡತಿಯ ಅಣ್ಣ ಗಂಗುಲಪ್ಪ ತೋರಿಸಿದ ಪೆಟ್ಟಿಗೆಗೆ ಹಾಕಿದ, ಇನ್ನೊಂದನ್ನು ಪಕ್ಕದ ಹೊಲದ ಬಯ್ಯಪ್ಪ ತೋರಿಸಿದ ಪೆಟ್ಟಿಗೆಗೆ ಹಾಕಿದ. ಇಬ್ಬರಿಗೂ ಸಂತೋಷವಾಯಿತು. ಇಬ್ಬರ ಮನೆಯಲ್ಲೂ ಊಟ ಮಾಡಿದ. ಪ್ರಜಾಪ್ರಭುತ್ವವೆಂದರೆ ಇದೇ ಎಂದು ಅವನಿಗೆ ಖಾತ್ರಿಯಾಯಿತು.

ಅರವತ್ತೆರಡರ ಚುನಾವಣೆ ಬರುವ ಹೊತ್ತಿಗೆ ಈ ಇಬ್ಬರೂ ಅವನಿಗೆ ಇನ್ನಷ್ಟು ಬೇಕಾದವರಾಗಿದ್ದರು. ಗಂಗುಲಪ್ಪನ ಮಗನಿಗೂ ಮುನಿನಾರಾಯಣಪ್ಪನ ಮಗಳು ವರಲಕ್ಷ್ಮಿಗೂ ಮದುವೆ ನಿಶ್ಚಯವಾಗಿ, ಯುಗಾದಿ ಕಳೆದ ಮೇಲೆ ಧಾರೆಯೆಂದು ಮಾತಾಗಿತ್ತು. ಬಯ್ಯಪ್ಪನ ಬಾವಿಯ ಮೇಲೆ ಊರಿಗೆಲ್ಲ ಮೊದಲನೆಯ ಪಂಪ್‌ಸೆಟ್ಟು ಕೂತಿತ್ತು. ಮುನಿನಾರಾಯಣಪ್ಪನ ಅರ್ಧ ಎಕರೆ ಹಿಪ್ಪುನೇರಳೆ ಆ ಪಂಪಿನ ನೀರಿನಲ್ಲಿ ಚಿಗುರುತ್ತಿತ್ತು, ಅವನ ಮನೆಯ ರೇಷ್ಮೆ ಹುಳುಗಳು ಆ ಚಿಗುರು ತಿಂದು ಬದುಕುತ್ತಿದ್ದವು. ಗಂಗುಲಪ್ಪ ಪೆರೇಸಂದ್ರದಲ್ಲಿ ತಕ್ಕಡಿ ಗುರುತಿನವರ ಬಲಗೈ. ಬಯ್ಯಪ್ಪ ಸೈಕಲ್ ಗುರುತಿನವರಿಗೆ ಎರಡೂ ಕೈ. ಹೀಗೆ ಒಂದು ಓಟಿನ ಮೇಲೆ ಮಗಳ ಮದುವೆ, ಇನ್ನೊಂದು ಓಟಿನ ಮೇಲೆ ತೋಟದ ನೀರು ನಿಂತಿತ್ತು. ಉಮೇದುವಾರರ ಹೆಸರು ನಮಗೆ ಬೇಡ. ಎರ್ರಗುಂಟಪಲ್ಲಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಸೋಮವಾರ ಗಂಗುಲಪ್ಪ ಬಂದ.

"ಈ ಸಲ ತಕ್ಕಡಿ ಭಾವ. ನೆಂಟಸ್ತನ ಅಂದ್ರೆ ಇಂಥದಕ್ಕೇ ಅಲ್ವಾ?"

"ಹಾಕ್ತೀನಿ ಭಾವ. ಬಾ, ಗಂಗಮ್ಮನ ಮುಂದೇನೇ ಹೇಳ್ತೀನಿ."

ಗಂಗುಲಪ್ಪ ಅಷ್ಟೊಂದು ಕೇಳಿರಲಿಲ್ಲ. ಆದರೂ ಕರ್ಪೂರ ಹತ್ತಿತು, ಆರಿತು. ಮಂಗಳವಾರ ಬಯ್ಯಪ್ಪ ಬಂದ. ಮತ್ತೆ ಗುಡಿ, ಮತ್ತೆ ಕರ್ಪೂರ. ಗುಡಿಯ ಪೂಜಾರಿ ಬೆಂಕಿಕಡ್ಡಿ ಗೀರುವ ಮುಂಚೆ ಸ್ವಲ್ಪ ಹತ್ತಿರಕ್ಕೆ ಬಗ್ಗಿದ.

"ನೆನ್ನೆ ತಾನೆ ತಕ್ಕಡಿಗೆ ಆರಿಸಿದ್ಯಲ್ಲಪ್ಪ."

"ಅದು ಆ ಓಟು, ಇದು ಈ ಓಟು. ಎರಡು ಅವೆ," ಎಂದ ಮುನಿನಾರಾಯಣಪ್ಪ.

ಪೂಜಾರಿಗೆ ಅದು ಸರಿಯೆನ್ನಿಸಿತು. ಅವನಿಗೂ ಐವತ್ತೇಳರಲ್ಲಿ ಎರಡು ಚೀಟಿ ಕೊಟ್ಟಿದ್ದರು.

ಮೂರನೆಯ ಉಮೇದುವಾರರೊಬ್ಬರು ಇದ್ದರು, ನಿವೃತ್ತರಾದ ರಾಮಾಂಜಿನಪ್ಪ ಮೇಷ್ಟ್ರು. ಪಕ್ಷವಿಲ್ಲ, ಹಿಂಬಾಲಕರಿಲ್ಲ, ಗುರುತು ಏಣಿ. ಇದ್ದ ಒಂದೇ ವಾಹನ ಸೈಕಲ್ಲು. ಸೈಕಲ್ ಮೇಲೆ ಊರೊಳಗೆ ಬಂದರೆ ಎದುರಾಳಿಯ ಗುರುತಿಗೆ ಪ್ರಚಾರ ಮಾಡಿದ ಹಾಗಾಗುತ್ತದೆಂದು ಅವರು ಪ್ರತಿ ಊರಿನ ಹೊರಗೂ ಅದನ್ನೊಂದು ಮರಕ್ಕೆ ಒರಗಿಸಿ, ಪಂಚೆಯ ಧೂಳು ಕೊಡವಿ, ಕಂಕುಳಲ್ಲಿ ಮತದಾರರ ಪಟ್ಟಿ ಇರುಕಿಕೊಂಡು ನಡೆದು ಬರುತ್ತಿದ್ದರು. ಏಣಿ ಹೊತ್ತುಕೊಂಡು ಬರುವಷ್ಟು ತ್ರಾಣ ಅವರಲ್ಲಿರಲಿಲ್ಲ.

ಮುನಿನಾರಾಯಣಪ್ಪನ ಮನೆಯ ಮುಂದೆ ನಿಂತು ಅವರು ಪಟ್ಟಿ ನೋಡಿ ಕೂಗಿದರು. "ಲಕ್ಷ್ಮೀನರಸಮ್ಮನೋರು ಇದ್ದಾರಾ?"

ಜಗುಲಿಯ ಮೇಲೆ ಕೂತಿದ್ದ ಮುನಿನಾರಾಯಣಪ್ಪ, "ಆ ಹೆಸರಿನೋರು ಈ ಬೀದೀಲಿ ಯಾರೂ ಇಲ್ಲ ಮೇಷ್ಟ್ರೇ," ಎನ್ನುವಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಸೊಪ್ಪಿನ ಕೈ ಒರೆಸಿಕೊಂಡು ಬಂದು, "ನಾನೇ," ಎಂದಳು. ಇಪ್ಪತ್ತು ವರ್ಷದಿಂದ ಅವಳನ್ನು ವರಲಕ್ಷ್ಮಿ ಅವರಮ್ಮ ಎಂದೋ ಮುನಿನಾರಾಯಣಪ್ಪನ ಹೆಂಡತಿ ಎಂದೋ ಕರೆದು ಊರಿಗೆ ಅಭ್ಯಾಸವಾಗಿ ಹೋಗಿತ್ತು. ಹಿಂದಿನ ಪಟ್ಟಿಯಲ್ಲಿ ಕೂಡ 'ಮುನಿನಾರಾಯಣಪ್ಪನ ಹೆಂಡತಿ' ಎಂದಷ್ಟೇ ಬರೆದಿದ್ದರಿಂದ, ಹೆಸರಿಲ್ಲದವರಿಗೆ ಓಟಿಲ್ಲವೆಂದು ಯಾರೋ ಹೊಡೆದು ಹಾಕಿದ್ದರು.

"ಈ ಸಲ ನಿಮ್ಮದೊಂದು ಓಟು ಇದೆ ತಾಯಿ," ಎಂದರು ಮೇಷ್ಟ್ರು. "ನನ್ನದು ಏಣಿ. ಹಾಕೋದು ಬಿಡೋದು ನಿಮ್ಮಿಷ್ಟ. ನಿಮ್ಮದೂ ಒಂದಿದೆ ಯಜಮಾನ್ರೇ."

"ನಂದು ಎರಡು ಅವೆ. ಎರಡೂ ಕೊಟ್ಟಾಯ್ತು. ನೀವು ತಡವಾಗಿ ಬಂದ್ರಿ."

"ಎರಡೆಲ್ಲಿ? ಜೋಡಿ ಕ್ಷೇತ್ರ ತೆಗೆದು ಹಾಕಿದ್ರಲ್ಲ. ಹೋದ ವರ್ಷವೇ ಕಾಯಿದೆ ಆಯ್ತು. ಈಗ ಒಬ್ಬೊಬ್ಬರಿಗೂ ಒಂದೇ ಚೀಟಿ. ಬೇರೆ ಬೇರೆ ಪೆಟ್ಟಿಗೇನೂ ಇಲ್ಲ. ಒಂದೇ ಕಾಗದದ ಮೇಲೆ ಎಲ್ಲರ ಗುರುತೂ ಇರುತ್ತೆ, ಬೇಕಾದವರ ಮುಂದೆ ಮುದ್ರೆ ಒತ್ತಬೇಕು."

ಮುನಿನಾರಾಯಣಪ್ಪ ಮೊದಲು ನಕ್ಕ. ಆಮೇಲೆ ಅಂಗೈ ನೋಡಿಕೊಂಡ. ಆಮೇಲೆ ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು, ಮೇಷ್ಟ್ರಿಗೆ ಕೂತ್ಕೊಳ್ಳಿ ಎಂದೂ ಹೇಳದೆ, ಶ್ಯಾನುಭೋಗರ ಮನೆಯ ದಾರಿ ಹಿಡಿದ.

ಶ್ಯಾನುಭೋಗರು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ನೋಡು, ನಿನ್ನ ಹೆಸರು ಒಂದು ಸಲ ಇದೆ. ಒಂದು ಓಟು."

"ಹೋದ ಸಲಾನೂ ಹೆಸರು ಒಂದೇ ಸಲ ಇತ್ತು ಸ್ವಾಮಿ. ಆದ್ರೂ ಎರಡು ಕೊಟ್ರಲ್ಲ."

"ಕೊಟ್ಟವನು ನಾನಲ್ಲ, ಕಿತ್ತುಕೊಂಡವನೂ ನಾನಲ್ಲ. ಎಲ್ಲ ಮೇಲಿನವರು." ಹಾಗೆನ್ನುತ್ತ ಶ್ಯಾನುಭೋಗರು ಬೆರಳನ್ನು ಮೇಲಕ್ಕೆ ಎತ್ತಿದರು. ಅವರ ತಲೆಯ ಮೇಲೆ ಅಟ್ಟವಿತ್ತು. ಅಟ್ಟದಲ್ಲಿ ದಫ್ತರದ ಗಂಟುಗಳಿದ್ದವು. ಮಜ್ಜಿಗೆ ಕೇಳುವುದಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮ ಆ ಬೆರಳನ್ನೂ ಅಟ್ಟವನ್ನೂ ನೋಡಿದಳು. ಊರಿನ ಸುದ್ದಿಯೆಲ್ಲ ಅವಳ ಮೂಲಕವೇ ಹಾದು ಹೋಗಬೇಕಾಗಿದ್ದರಿಂದ, ಊಟದ ಹೊತ್ತಿಗೆ ಎರ್ರಗುಂಟಪಲ್ಲಿಯ ಜನಕ್ಕೆಲ್ಲ ತಮ್ಮ ಎರಡನೆಯ ಓಟುಗಳು ಶ್ಯಾನುಭೋಗರ ಅಟ್ಟದ ಮೇಲೆ ಗಂಟು ಕಟ್ಟಿಟ್ಟಿವೆ ಎಂದು ಗೊತ್ತಾಯಿತು.

ಅಲ್ಲಿಯವರೆಗೆ ಎರಡನೆಯ ಓಟಿನ ನೆನಪೂ ಇಲ್ಲದವರಿಗೆ ಅದಿಲ್ಲದೆ ಬದುಕುವುದು ಹೇಗೆಂಬ ಚಿಂತೆ ಹತ್ತಿತು. ಸಾಯಂಕಾಲಕ್ಕೆ ಶ್ಯಾನುಭೋಗರ ಅಂಗಳದಲ್ಲಿ ನಲವತ್ತು ಜನ.

"ಏಮಿ ಸ್ವಾಮಿ, ಮಾ ಓಟು ಮಾಕು ಇಚ್ಚೇಯಂಡಿ," ಎಂದ ಒಬ್ಬ ಕುರಿ ಮಂದೆಯ ಮುದುಕ, ನಮ್ಮ ಓಟು ನಮಗೆ ಕೊಟ್ಟುಬಿಡಿ ಎಂದು ತೆಲುಗಿನಲ್ಲಿ, ತಾನು ಇಟ್ಟ ಸಾಮಾನನ್ನು ವಾಪಸು ಕೇಳುವ ಧ್ವನಿಯಲ್ಲಿ.

ಶ್ಯಾನುಭೋಗರು ಬೇರೆ ದಾರಿಯಿಲ್ಲದೆ ಅಟ್ಟಕ್ಕೆ ಏಣಿ ಹಾಕಿಸಿದರು. ನಾಲ್ಕು ಜನ ಪಂಚಾಯ್ತಿದಾರರು ಹತ್ತಿದರು. ಪಹಣಿ ಪುಸ್ತಕ, ಮುರಿದ ಕೊಡೆ, ಗೆದ್ದಲು ತಿಂದ ಪಂಚಾಂಗ, ಮರಿ ಹಾಕಿದ ಒಂದು ಬೆಕ್ಕು ಸಿಕ್ಕಿದವು. ಓಟು ಸಿಗಲಿಲ್ಲ. ಸಿಗದೆ ಹೋದದ್ದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಶ್ಯಾನುಭೋಗರು ಕೈ ಮುಗಿದು, "ಮುನಿನಾರಾಯಣಪ್ಪ, ನಿನ್ನ ದಮ್ಮಯ್ಯ, ಚಿಕ್ಕಬಳ್ಳಾಪುರಕ್ಕೆ ಹೋಗಿ ತಾಲ್ಲೂಕು ಕಚೇರೀಲಿ ಕೇಳು," ಎಂದು ಅವನನ್ನು ಮಾರನೆಯ ದಿನದ ಮೊದಲನೇ ಬಸ್ಸಿಗೆ ಹತ್ತಿಸಿದರು.

ತಾಲ್ಲೂಕು ಕಚೇರಿಯಲ್ಲಿ ಚುನಾವಣೆ ಕೆಲಸ ನೋಡುತ್ತಿದ್ದ ಗುಮಾಸ್ತರು ಒಳ್ಳೆಯವರು. ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂಬ ಆಸೆ ಅವರಿಗಿತ್ತು. ಅನಾಹುತ ಆದದ್ದೇ ಅದರಿಂದ.

"ನೋಡಪ್ಪ, ಜೋಡಿ ಕ್ಷೇತ್ರ ಅಂದ್ರೆ ಒಟ್ಟು ಕುಟುಂಬ ಇದ್ದ ಹಾಗೆ. ಈಗ ಭಾಗ ಆಯ್ತು. ನಡುವೆ ಗೆರೆ ಎಳೆದು ಎರಡು ಪಾಲು ಮಾಡಿದ್ರು. ಈ ಪಾಲಿಗೆ ಒಬ್ಬ ಮೆಂಬರು, ಆ ಪಾಲಿಗೆ ಒಬ್ಬ ಮೆಂಬರು. ನಿಮ್ಮೂರು ಈ ಪಾಲಿಗೆ ಬಂತು. ಆ ಪಾಲು ಗೌರಿಬಿದನೂರು ಕಡೆ ಹೋಯ್ತು. ತಿಳೀತಾ?"

ಮುನಿನಾರಾಯಣಪ್ಪನಿಗೆ ಚೆನ್ನಾಗಿ ತಿಳಿಯಿತು. ಅವನೂ ಅಣ್ಣನ ಜೊತೆ ಭಾಗ ಮಾಡಿಕೊಂಡವನೇ. ದೊಡ್ಡ ಹುಣಸೆಮರ ಅಣ್ಣನ ಪಾಲಿಗೆ ಬಿದ್ದಿತ್ತು, ಆದರೆ ಅದರ ಅರ್ಧ ಹಣ್ಣು ಪ್ರತಿ ವರ್ಷ ಇವನ ಮನೆಗೆ ಬರಬೇಕೆಂದು ಪಾರೀಕತ್ತಿನ ಪತ್ರದಲ್ಲೇ ಬರೆಸಿದ್ದರು. ಸ್ವತ್ತು ಆ ಕಡೆ ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಾಗಾದರೆ ತನ್ನ ಇನ್ನೊಂದು ಓಟು ಕಳೆದಿಲ್ಲ, ಆ ಪಾಲಿನಲ್ಲಿದೆ. ಹೋಗಿ ತಂದುಕೊಳ್ಳಬೇಕು, ಅಷ್ಟೆ. ಗುಮಾಸ್ತರಿಗೆ ನಮಸ್ಕಾರ ಮಾಡಿ ಅವನು ಗೌರಿಬಿದನೂರಿನ ಬಸ್ಸು ಹತ್ತಿದ. ಇಷ್ಟು ಬೇಗ ಅರ್ಥ ಮಾಡಿಕೊಂಡ ಹಳ್ಳಿಯವನನ್ನು ಗುಮಾಸ್ತರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಗೆರೆಯ ಆಚೆಯ ಮೊದಲನೇ ಹಳ್ಳಿಯಲ್ಲಿ ಇಳಿದು, ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರಿಗೆ ಕೈ ಮುಗಿದ.

"ಯಾವೂರಾಯ್ತಪ್ಪ?" ಎಂದರು ಒಬ್ಬರು.

"ಪೆರೇಸಂದ್ರದ ಹತ್ರ ಎರ್ರಗುಂಟಪಲ್ಲಿ. ನಂದೊಂದು ಓಟು ಈ ಕಡೆ ಬಂದೈತಂತೆ. ಹೋದ ವರ್ಷ ಭಾಗ ಆದಾಗ."

ಯಾರೂ ನಗಲಿಲ್ಲ. ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಲಿಲ್ಲದ ಒಬ್ಬ ಮುದುಕ ಬಹಳ ಹೊತ್ತು ಯೋಚಿಸಿ ಹೇಳಿದ. "ನಮ್ಮೋರಿಗೂ ಒಂದೊಂದು ಕಮ್ಮಿ ಬಂದೈತೆ ಕಣಪ್ಪ. ನಮ್ಮ ಶಾಲೆ ಮೇಷ್ಟ್ರು ಹೇಳಿದ್ರು. ಎಲ್ಲಿ ಹೋಯ್ತು ಅಂತ ನಾವೂ ಹುಡುಕ್ತಿದ್ವಿ. ಹಂಗಾದ್ರೆ ನಮ್ಮವು ನಿಮ್ಮೂರಲ್ಲಿ ಇರಬೇಕು."

"ಇದ್ರೂ ಇರಬೋದು," ಎಂದ ಮುನಿನಾರಾಯಣಪ್ಪ. "ನಾನು ನಂದು ಹುಡುಕೋ ಗಡಿಬಿಡೀಲಿ ನೋಡಿಲ್ಲ."

ನ್ಯಾಯವಾದ ಜನ ಇಬ್ಬರು ಸೇರಿದರೆ ಒಪ್ಪಂದ ಎಷ್ಟು ಹೊತ್ತಿನ ಕೆಲಸ? ಅವರು ಊಟ ಹಾಕಿದರು, ಇವನು ಉಂಡ. ಆಮೇಲೆ ಬಿಳಿ ಕಾಗದ ತರಿಸಿ ಬರೆಸಿದರು. ಆ ಊರಿನವರ ಎರಡನೆಯ ಓಟುಗಳು ಎರ್ರಗುಂಟಪಲ್ಲಿಯಲ್ಲಿ ಕಂಡುಬಂದರೆ ಅವರು ಬಂದು ಹಾಕತಕ್ಕದ್ದು, ಎರ್ರಗುಂಟಪಲ್ಲಿಯವರವು ಇಲ್ಲಿ ಕಂಡುಬಂದರೆ ಇವರು ಬಂದು ಹಾಕತಕ್ಕದ್ದು, ಪರಸ್ಪರ ಯಾವ ತಕರಾರೂ ಇಲ್ಲ. ಇಪ್ಪತ್ತಮೂರು ಹೆಬ್ಬೆಟ್ಟು, ನಾಲ್ಕು ರುಜು. ಮುನಿನಾರಾಯಣಪ್ಪ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಇಂಥದಕ್ಕೆ ಸರ್ಕಾರದ ಮೊಹರು ಬಿದ್ದರೆ ಚೆನ್ನಾಗಿರುತ್ತದೆಂದು, ಚಿಕ್ಕಬಳ್ಳಾಪುರಕ್ಕೆ ಮರಳಿ ನೇರವಾಗಿ ತಹಶೀಲ್ದಾರರ ಮುಂದೆಯೇ ಇಟ್ಟ.

ತಹಶೀಲ್ದಾರರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಚುನಾವಣೆಗೆ ಎರಡೇ ವಾರ ಉಳಿದಿರುವಾಗ ಎರಡು ಹಳ್ಳಿಗಳು ಕೂಡಿ ಒಬ್ಬರ ಬೂತಿನಲ್ಲಿ ಒಬ್ಬರು ಓಟು ಹಾಕುವುದಕ್ಕೆ ಕರಾರು ಮಾಡಿಕೊಂಡು, ಅದಕ್ಕೆ ತಮ್ಮ ಮೊಹರನ್ನೇ ಕೇಳುತ್ತಿವೆ. ಅವರು ಒಂದು ಲೋಟ ನೀರು ತರಿಸಿಕೊಂಡು ಕುಡಿದರು.

"ಏನಯ್ಯ, ಜೈಲಿಗೆ ಹೋಗಬೇಕು ಅಂತ ಇದ್ದೀಯಾ?"

"ಇಲ್ಲ ಸ್ವಾಮಿ. ಎರಡೂ ಪಾಲಿನೋರು ಒಪ್ಪಿದ್ದೀವಿ. ಬೇಕಾದ್ರೆ ಅಳತೆ ಮಾಡಿಸಿ ಗೆರೆ ಒಂದು ಚೂರು ಸರಿಸಿ. ಖರ್ಚು ನಂದೇ."

"ಅದು ನಿನ್ನ ಹೊಲದ ಬದು ಅಲ್ಲಪ್ಪ. ಊರವರು ಕೂತು ಒಪ್ಪಿಕೊಂಡು ಸರಿಸೋದಕ್ಕೆ ಆಗೋದಿಲ್ಲ. ನನಗೆ ಅಧಿಕಾರ ಇಲ್ಲ. ಡೆಪ್ಯುಟಿ ಕಮಿಷನರ್‌ಗೂ ಇಲ್ಲ."

"ಹಂಗಾದ್ರೆ ಕೋರ್ಟಿಗೆ ಹಾಕ್ತೀನಿ. ಮುನ್ಸೀಫ್ ಕೋರ್ಟಲ್ಲಿ ನಮ್ಮ ವಕೀಲ್ರು ಅವ್ರೆ."

"ಯಾವ ಕೋರ್ಟೂ ಇದನ್ನ ಮುಟ್ಟೋ ಹಾಗಿಲ್ಲ. ಸಂವಿಧಾನದಲ್ಲೇ ಹಾಗಂತ ಬರೆದಿದೆ. ಕ್ಷೇತ್ರ ಎಷ್ಟು, ಗೆರೆ ಎಲ್ಲಿ, ಒಂದು ಕ್ಷೇತ್ರಕ್ಕೆ ಒಬ್ಬರೋ ಇಬ್ಬರೋ, ಇದೆಲ್ಲ ಪಾರ್ಲಿಮೆಂಟು ಕಾಯಿದೆ ಮಾಡಿ ತೀರ್ಮಾನ ಮಾಡೋದು. ಅಲ್ಲಿಗೆ ಮುಗೀತು."

ಹೊಲ, ಮರ, ಮೋರಿ, ಹಂದರ, ಮೇಕೆ, ಯಾವುದರ ಮೇಲೆ ಬೇಕಾದರೂ ದಾವಾ ಹೂಡಬಹುದಾದ ಈ ಲೋಕದಲ್ಲಿ ದಾವಾ ಹೂಡಲಾಗದ ಗೆರೆಯೊಂದಿದೆ ಎಂಬುದನ್ನು ನಂಬುವುದಕ್ಕೆ ಮುನಿನಾರಾಯಣಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಪಾರ್ಲಿಮೆಂಟಲ್ಲಿ ಕೂತಿರೋರು ಯಾರು ಸ್ವಾಮಿ?"

"ನೀವೇ ಓಟು ಹಾಕಿ ಕಳಿಸಿದವರು."

"ನಾನು ಓಟು ಹಾಕಿ ಕಳಿಸ್ದೆ. ಅವರು ಅಲ್ಲಿ ಕೂತ್ಕೊಂಡು ನನ್ನ ಓಟನ್ನೇ ತೆಗೆದ್ರಾ?"

ತಹಶೀಲ್ದಾರರು ಇಪ್ಪತ್ತೈದು ವರ್ಷ ರೆವಿನ್ಯೂ ಇಲಾಖೆಯಲ್ಲಿ ಸವೆದವರು. ಉತ್ತರವಿಲ್ಲದ ಪ್ರಶ್ನೆಗೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ, ಮುಂದಿನ ಫೈಲು ಬಿಚ್ಚಿದರು.

ತಹಶೀಲ್ದಾರರ ಕೈಲೂ ಆಗದ ಕೆಲಸ ಎಂಬ ಸುದ್ದಿ ಪೆರೇಸಂದ್ರದ ಹೋಟೆಲಿನಲ್ಲಿ ಹಬ್ಬಿದಾಗ ಅದು ರಾಜಕೀಯವಾಯಿತು. ಶುಕ್ರವಾರದ ಸಭೆಯಲ್ಲಿ ತಕ್ಕಡಿಯವರ ಭಾಷಣಕಾರ ಮೇಜು ಕುಟ್ಟಿ, "ನಿಮ್ಮ ಎರಡನೇ ಓಟನ್ನು ಕಸಿದುಕೊಂಡವರು ಯಾರು? ನಮ್ಮನ್ನು ಗೆಲ್ಲಿಸಿ, ಆರು ತಿಂಗಳಲ್ಲಿ ವಾಪಸು ತಂದು ಕೊಡುತ್ತೇವೆ," ಎಂದ. ಚಪ್ಪಾಳೆ ಬಿತ್ತು. ಶನಿವಾರ ಅದೇ ಜಾಗದಲ್ಲಿ ಸೈಕಲ್ಲಿನವರು ತಲೆಗೆ ಮೂರು ಓಟು ಕೊಡಿಸುವುದಾಗಿ ಹೇಳಿದರು. ಇನ್ನೂ ಜೋರು ಚಪ್ಪಾಳೆ. ಭಾನುವಾರ ರಾಮಾಂಜಿನಪ್ಪ ಮೇಷ್ಟ್ರು ಬೇವಿನಮರದ ಕೆಳಗೆ ಒಬ್ಬರೇ ನಿಂತು, "ಅದು ಎಮ್ಮೆಲ್ಲೆ ಕೈಲಾಗೋ ಕೆಲಸ ಅಲ್ಲ. ನನ್ನ ಕೈಲೂ ಆಗಲ್ಲ. ಒಬ್ಬ ಮೆಂಬರಿಗೆ ಒಂದು ಓಟು ಸಾಕು. ದಯವಿಟ್ಟು ಎರಡು ಕಡೆ ಮುದ್ರೆ ಒತ್ತಬೇಡಿ, ಕುಲಗೆಟ್ಟ ಮತ ಅಂತ ಎತ್ತಿ ಪಕ್ಕಕ್ಕೆ ಹಾಕ್ತಾರೆ," ಎಂದರು. ಜನಕ್ಕೆ ಬೇಜಾರಾಯಿತು. ಬೇರೆಯವರು ಕೊಡುತ್ತೇವೆನ್ನುವಾಗ ಈ ಮನುಷ್ಯ ಬಂದು ಇರುವುದನ್ನೂ ಹೆದರಿಸಿ ಕಿತ್ತುಕೊಳ್ಳುತ್ತಾನಲ್ಲ ಎಂದು ಮುನಿಗಂಗಮ್ಮ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

ಇಷ್ಟರಲ್ಲಿ ಪೂಜಾರಿ ಸುಮ್ಮನಿರಲಾರದೆ ಕರ್ಪೂರ ಎರಡು ಸಲ ಆರಿದ ಸಂಗತಿಯನ್ನು ಹೊರಗೆ ಬಿಟ್ಟಿದ್ದ. ಮೊದಲು ಗಂಗುಲಪ್ಪ ಬಂದ. ಕೂರು ಎಂದರೂ ಕೂರಲಿಲ್ಲ.

"ಒಂದೇ ಓಟಂತೆ ಭಾವ. ಅದು ತಕ್ಕಡೀದೇ ತಾನೆ?"

"ಮಾತು ಕೊಟ್ಟಿದ್ದೀನಲ್ಲ ಭಾವ."

"ಬಯ್ಯಪ್ಪನಿಗೂ ಕೊಟ್ಟಿದ್ದೀಯಂತೆ. ಇರಲಿ. ಜವಳಿ ತರೋಕೆ ಕಂಚಿಗೆ ಹೋಗೋದು ಎಣಿಕೆ ಆದ್ಮೇಲೆ ಅಂತ ಇಟ್ಕೊಂಡಿದ್ದೀವಿ. ನಮ್ಮ ಹುಡುಗನಿಗೆ ಹೆಣ್ಣು ಕೊಡ್ತೀವಿ ಅಂತ ಶಿಡ್ಲಘಟ್ಟದೋರು ಒಬ್ರು ಇನ್ನೂ ಓಡಾಡ್ತಾನೇ ಅವ್ರೆ."

ಒಳಗೆ ಅಡಿಗೆಮನೆಯಲ್ಲಿ ವರಲಕ್ಷ್ಮಿಯ ಕೈಯಿಂದ ಲೋಟ ಬಿದ್ದ ಸದ್ದಾಯಿತು. ಅಣ್ಣ ಹೋದ ಮೇಲೆ ಲಕ್ಷ್ಮೀನರಸಮ್ಮ ಬಹಳ ಹೊತ್ತು ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಬಯ್ಯಪ್ಪ ತೋಟದ ಬದುವಿನ ಮೇಲೆ ನಿಂತು, ಬಹಳ ಕನಿಕರದಿಂದ, "ಪಂಪು ಯಾಕೋ ಸದ್ದು ಮಾಡ್ತೈತೆ ಮುನಿನಾರಾಯಣಪ್ಪ. ಚುನಾವಣೆ ಆಗೋವರ್ಗೂ ನಿಲ್ಲಿಸಣ ಅಂತಿದ್ದೀನಿ," ಎಂದ. ಹುಳುಗಳು ಮೂರನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಹಸಿದಿದ್ದವು. ನಾಲ್ಕು ದಿನದಲ್ಲಿ ತೋಟದ ಎಲೆ ಜೋತು ಬಿತ್ತು. ಲಕ್ಷ್ಮೀನರಸಮ್ಮ ಊರೆಲ್ಲ ತಿರುಗಿ ಅವರಿವರ ಬೇಲಿಯ ಸೊಪ್ಪು ಕಿತ್ತು ತಂದು ಹುಳು ಉಳಿಸಿದಳು.

ಚುನಾವಣೆಯ ಹಿಂದಿನ ದಿನ ಬೆಳಿಗ್ಗೆ ಮುನಿನಾರಾಯಣಪ್ಪ ಗಂಗಮ್ಮನ ಗುಡಿಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದಾಗ ಪೂಜಾರಿಗೆ ಅಯ್ಯೋ ಅನ್ನಿಸಿತು.

"ಊರೆಲ್ಲ ಹುಡುಕಿದೆಯಲ್ಲಪ್ಪ, ನಿಮ್ಮ ಮನೇಲೇ ಇನ್ನೊಂದು ಓಟು ಐತಲ್ಲ. ನಿಮ್ಮೆಂಗಸ್ರದು."

ಮುನಿನಾರಾಯಣಪ್ಪ ಮೆಟ್ಟಿಲಿಂದ ಎದ್ದವನು ಮನೆ ಸೇರುವವರೆಗೆ ನಿಲ್ಲಲಿಲ್ಲ. ಹೆಂಡತಿ ಹುಳುವಿನ ತಟ್ಟೆಗಳ ಮುಂದೆ ಕೂತಿದ್ದಳು.

"ಸಿಕ್ತು ಕಣೇ. ನನ್ನ ಇನ್ನೊಂದು ಓಟು ನಿನ್ನ ಹತ್ರಾನೇ ಐತೆ."

"ನನ್ನ ಹತ್ರ ಇರೋದು ನಂದು."

"ನಂದು ನಿಂದು ಅಂತ ಭೇದ ಏನು? ನೀನು ನಿಮ್ಮಣ್ಣನ ತಕ್ಕಡಿಗೆ ಒತ್ತು, ನಾನು ಸೈಕಲ್ಲಿಗೆ ಒತ್ತುತೀನಿ. ಮದುವೇನೂ ಆಯ್ತು, ನೀರೂ ಬಂತು."

"ಕರ್ಪೂರ ಆರಿಸಿದ್ದು ನೀವು," ಎಂದಳು ಲಕ್ಷ್ಮೀನರಸಮ್ಮ. ಅಷ್ಟು ಹೇಳಿ ತಟ್ಟೆ ತಿರುಗಿಸಿದಳು. ಆಮೇಲೆ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆಂದೇ ಅರ್ಥವೆಂದು ಗಂಡಂದಿರು ಬಹಳ ಕಾಲದಿಂದ ತಿಳಿದುಕೊಂಡು ಬಂದಿದ್ದಾರೆ. ಮುನಿನಾರಾಯಣಪ್ಪನೂ ಹಾಗೇ ತಿಳಿದ.

ಆದರೆ ಅವಳ ಮಾತು ಅವನನ್ನು ಬಿಡಲಿಲ್ಲ. ಮತದಾನದ ದಿನ ಹೊರಡುವ ಮುಂಚೆ ಪೂಜಾರಿಯನ್ನು ಕೇಳಿದ. "ಅವಳು ಒತ್ತಿದ್ರೆ ನನ್ನ ಆಣೆ ತೀರ್ತದಾ?"

ಪೂಜಾರಿ ತಲೆ ಕೆರೆದುಕೊಂಡ. "ಆರಿಸಿದ್ದು ನಿನ್ನ ಕೈಯಲ್ವಾ? ಒತ್ತೋದೂ ಆ ಕೈಯೇ ಆಗಬೇಕು ಅಂತ ಕಾಣ್ತೈತೆ. ಇಷ್ಟು ದಿನ ಇಂಥ ಕೇಸು ಅಮ್ಮನ ಮುಂದೆ ಬಂದಿಲ್ಲ."

ಶಾಲೆಯಲ್ಲಿ ಬೂತು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಬಾಗಿಲ ಈ ಪಕ್ಕ ಗಂಗುಲಪ್ಪ, ಆ ಪಕ್ಕ ಬಯ್ಯಪ್ಪ, ಇಬ್ಬರೂ ಮುನಿನಾರಾಯಣಪ್ಪನನ್ನು ನೋಡಿ ನಕ್ಕರು. ಅವನ ಬೆರಳಿಗೆ ಮಸಿ ಹಚ್ಚಿ, ಕೈಗೆ ಚೀಟಿಯನ್ನೂ ಮುದ್ರೆಯನ್ನೂ ಕೊಟ್ಟು ಗೋಣಿ ಪರದೆಯ ಹಿಂದಕ್ಕೆ ಕಳಿಸಿದರು. ಹೋದವನು ಬರಲಿಲ್ಲ. ಸಾಲು ಬೆಳೆಯಿತು. ಯಾರೋ ಕೆಮ್ಮಿದರು.

"ಯಜಮಾನ್ರೇ, ಅಲ್ಲೇ ಮಲಗಿಬಿಟ್ರಾ?" ಎಂದರು ಮತಗಟ್ಟೆಯ ಅಧಿಕಾರಿ.

ಪರದೆಯ ಹಿಂದಿನಿಂದ ಧ್ವನಿ ಬಂತು. "ಒಂದು ಮಾತು ಕೇಳಬೇಕಾಗಿತ್ತು ಸ್ವಾಮಿ. ಮಾತಿಗೆ ತಪ್ಪಲೇಬೇಕಾಗಿ ಬಂದ್ರೆ ಒಬ್ಬರಿಗೆ ತಪ್ಪೋದು ವಾಸೀನೋ, ಇಬ್ಬರಿಗೂ ತಪ್ಪೋದು ವಾಸೀನೋ?"

ಅಧಿಕಾರಿ ತಮ್ಮ ಕೈಪಿಡಿಯ ಹಾಳೆ ಎರಡು ಮಗುಚಿ, ಅಂಥದ್ದೇನೂ ಕಾಣದೆ, "ಬೇಗ ಒತ್ತಿ ಬನ್ನಿ," ಎಂದರು. ಟಪ್ಪೆಂದು ಒಂದು ಸಲ ಸದ್ದಾಯಿತು. ಮುನಿನಾರಾಯಣಪ್ಪ ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದ. ಅವನು ಒಳಗೆ ಯಾವುದಕ್ಕೆ ಒತ್ತಿದನೆಂಬುದನ್ನು ಗುಪ್ತ ಮತದಾನದ ಕಾಯಿದೆಗೆ ಗೌರವ ಕೊಟ್ಟು ನಾವು ಇಣುಕಿ ನೋಡಿಲ್ಲ.

ಅತ್ತ ಹೆಂಗಸರ ಸಾಲಿನಲ್ಲಿ ಅಧಿಕಾರಿಯ ಸಹಾಯಕರು, "ಲಕ್ಷ್ಮೀನರಸಮ್ಮ," ಎಂದು ಕೂಗಿದರು. ಅವಳು ಸೆರಗು ಸರಿಮಾಡಿಕೊಂಡು ಹೋದಳು, ಒಂದು ನಿಮಿಷದೊಳಗೆ ಹೊರಗೆ ಬಂದಳು. ಅವಳನ್ನು ಯಾರೂ ಗಮನಿಸಲಿಲ್ಲ.

ಎಣಿಕೆಯ ಮಾರನೆಯ ದಿನ ಗಂಗುಲಪ್ಪನೇ ಬೂತಿನ ಲೆಕ್ಕ ಬರೆದುಕೊಂಡು ಬಂದು ಅರಳಿಕಟ್ಟೆಯ ಮೇಲೆ ಓದಿದ. ಎರ್ರಗುಂಟಪಲ್ಲಿ ಬೂತಿನಲ್ಲಿ ತಕ್ಕಡಿಗೆ ನೂರ ಹದಿನೆಂಟು, ಸೈಕಲ್ಲಿಗೆ ನೂರ ಹದಿನಾಲ್ಕು, ಏಣಿಗೆ ಎರಡು, ಕುಲಗೆಟ್ಟದ್ದು ಎಪ್ಪತ್ತೊಂದು. ಎಪ್ಪತ್ತೊಂದು ಜನ ಯಾರ ಅಪ್ಪಣೆಗೂ ಕಾಯದೆ ತಮ್ಮ ಎರಡನೆಯ ಓಟನ್ನು ತಾವೇ ತೆಗೆದುಕೊಂಡು ಎರಡೆರಡು ಕಡೆ ಮುದ್ರೆ ಒತ್ತಿದ್ದರು, ಅವರಲ್ಲಿ ಇಬ್ಬರು ಮುಂದಾಲೋಚನೆಯಿಂದ ಮೂರು ಕಡೆ ಒತ್ತಿದ್ದರು. ಕ್ಷೇತ್ರವನ್ನೇನೋ ತಕ್ಕಡಿ ಗೆದ್ದಿತ್ತು. ಆದರೂ ಎಪ್ಪತ್ತೊಂದು ಓಟು ಮಣ್ಣುಪಾಲಾದದ್ದಕ್ಕೆ ಗಂಗುಲಪ್ಪನೂ ಬಯ್ಯಪ್ಪನೂ ಒಟ್ಟಿಗೆ ಮರುಗಿದರು. ಐದು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಗಂಗುಲಪ್ಪ ಮುನಿನಾರಾಯಣಪ್ಪನನ್ನು ಪಕ್ಕಕ್ಕೆ ಕರೆದ. "ನಿಜ ಹೇಳು ಭಾವ. ಆ ಕುಲಗೆಟ್ಟವುಗಳಲ್ಲಿ ನಿಂದಿಲ್ಲ ತಾನೆ?"

"ಗಂಗಮ್ಮನಾಣೆಗೂ ಇಲ್ಲ ಭಾವ. ನಾನು ಒತ್ತಿದ್ದು ಒಂದೇ."

ಗಂಗುಲಪ್ಪನಿಗೆ ಅಷ್ಟು ಸಾಕಾಯಿತು. ಗೆದ್ದವನಿಗೆ ಉದಾರವಾಗಿರುವುದು ಸುಲಭ. ಶುಕ್ರವಾರ ಕಂಚಿಗೆ ಹೋಗಿ ಜವಳಿ ತರುತ್ತೇವೆಂದ. ಬಯ್ಯಪ್ಪನೂ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು, ಹೋಗಿ ಪಂಪು ಚಾಲೂ ಮಾಡಿದ. ಅದರ ಸದ್ದು ತಾನಾಗಿಯೇ ರಿಪೇರಿಯಾಗಿತ್ತು.

"ಆದ್ರೂ ಆ ಏಣಿಗೆ ಹಾಕಿರೋ ಎರಡು ಬೃಹಸ್ಪತಿಗಳು ಯಾರು ಅಂತ ಗೊತ್ತಾಗಬೇಕು," ಎಂದ ಗಂಗುಲಪ್ಪ ಹೊರಡುವಾಗ.

"ಗೊತ್ತಾಗಬೇಕು ಭಾವ," ಎಂದ ಮುನಿನಾರಾಯಣಪ್ಪ. ಆ ಮಾತನ್ನು ಅವನು ಮನಸಾರೆ ಹೇಳಿದ. ಏಣಿಗೆ ಒಂದು ಬಿದ್ದಿದೆ ಎಂದಿದ್ದರೆ ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಮನೆಗೆ ಬಂದಾಗ ಲಕ್ಷ್ಮೀನರಸಮ್ಮ ನಡುಮನೆಯಲ್ಲಿ ಕೂತು ಹುಳುಗಳಿಗೆ ಹೊಸ ಸೊಪ್ಪು ಹೆಚ್ಚುತ್ತಿದ್ದಳು. ಕಾಲುವೆಯಲ್ಲಿ ನೀರು ಹರಿಯುವುದು ಅಲ್ಲಿಗೂ ಕೇಳಿಸುತ್ತಿತ್ತು.

"ಏಣಿಗೆ ಎರಡು ಬಿದ್ದವಂತೆ," ಎಂದ.

"ಕೇಳ್ದೆ."

"ಯಾರಿರಬೋದು?"

"ಒಂದು ನಂದು."

ಮುನಿನಾರಾಯಣಪ್ಪ ಬಾಗಿಲ ಕಡೆ ನೋಡಿ, ತಗ್ಗಿದ ಧ್ವನಿಯಲ್ಲಿ, "ನಿಮ್ಮಣ್ಣಂಗೆ ಗೊತ್ತಾದ್ರೆ ಏನು ಗತಿ?" ಎಂದ.

"ನಮ್ಮಣ್ಣ ನನ್ನ ಕೇಳಲೇ ಇಲ್ಲ. ಬಯ್ಯಪ್ಪನೂ ಕೇಳಲಿಲ್ಲ. ನೀವೂ ಕೇಳಲಿಲ್ಲ, ನಿಮ್ಮದು ಅಂದ್ರಿ. ಬಾಗಿಲಿಗೆ ಬಂದು, ಹೆಸರು ಹಿಡಿದು, ಹಾಕೋದು ಬಿಡೋದು ನಿಮ್ಮಿಷ್ಟ ಅಂದೋರು ಆ ಮೇಷ್ಟ್ರೊಬ್ಬರೇ. ಇಷ್ಟ ಆಯ್ತು, ಹಾಕ್ದೆ. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ, ಯಾರಿಗೂ ತಪ್ಪಿಲ್ಲ."

ಅವಳು ಕತ್ತಿ ಕೆಳಗಿಟ್ಟು ಗಂಡನ ಮುಖವನ್ನು ನೆಟ್ಟಗೆ ನೋಡಿದಳು.

"ಇನ್ನೊಂದು ಯಾರದು?"

ಮುನಿನಾರಾಯಣಪ್ಪ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೊಪ್ಪಿನ ರಾಶಿಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡು, ತಲೆ ಎತ್ತದೆ ಹೆಚ್ಚತೊಡಗಿದ.